ಪೆದ್ದಮ್ಮ ಹಾಕದ ಸುಣ್ಣ

ತನುಜ ಒಳ್ಳೆಯ ಮೇಡಂ ಎಂದು ಚಿಂತಾಮಣಿಯಲ್ಲಿ ಎಲ್ಲರೂ ಹೊಗಳುತ್ತಾರೆ. ನಾನೂ ಹೊಗಳುತ್ತೇನೆ. ಆದರೆ ಜಂಗಮಕೋಟೆಯ ಆ ಹುಳುಮನೆ ನೆನಪಾದರೆ ಈಗಲೂ ಮೈ ಉರಿಯುತ್ತದೆ. ನಾನು ಮೋಹನ್‌ಬಾಬು, ಅವಳು ಪ್ರೋಗ್ರಾಮಿಂಗ್ ಕಲಿಸುವ ಪಾಲಿಟೆಕ್ನಿಕ್‌ನಲ್ಲಿ ಲ್ಯಾಬ್ ನೋಡಿಕೊಳ್ಳುವವನು.

ಅವಳ ತಾಯಿ ಪೆದ್ದಮ್ಮ ನಲವತ್ತು ವರ್ಷ ರೇಷ್ಮೆಹುಳು ಸಾಕಿದವರು. ಓದಿಲ್ಲ, ಬರೆದಿಲ್ಲ. ಸೊಪ್ಪಿನ ಮೇಲೆ ಅಂಗೈ ಇಟ್ಟರೆ ತೇವ ಎಷ್ಟಿದೆ ಎಂದು ಹೇಳಿಬಿಡುವರು. ಹುಳುವಿಗೆ ಕಾಯಿಲೆ ಎಂದರೆ ಮುರುಗಮಲ್ಲದಿಂದಲೂ ಬೈಕ್ ಕಳಿಸಿ ಇವರನ್ನು ಕರೆಸಿಕೊಳ್ಳುತ್ತಿದ್ದರು. ಆ ಹೆಂಗಸಿಗಿದ್ದ ಆಸ್ತಿ ಆ ಹೆಸರೊಂದೇ.

ಊರಿನ ಏಳು ಹೆಂಗಸರು ಸೇರಿ ಒಂದೇ ಶೆಡ್ಡಿನಲ್ಲಿ ಹುಳು ಸಾಕುತ್ತಿದ್ದರು. ಅದೇ ಆ ಹುಳುಮನೆ, ಅದರ ಉಸ್ತುವಾರಿ ಪೆದ್ದಮ್ಮನದು. ತನುಜ ಅದಕ್ಕೊಂದು ಯಂತ್ರ ಜೋಡಿಸಿದಳು. ಶೆಡ್ಡಿನ ಶಾಖ, ತೇವ ಎರಡನ್ನೂ ಅದು ತಾನೇ ನೋಡಿಕೊಳ್ಳಬೇಕು. ಪ್ರೋಗ್ರಾಮಿನಲ್ಲಿ ‘ಹುಳು’ ಎಂಬ ಒಂದು ಕ್ಲಾಸ್, ಅಂದರೆ ಒಂದು ಅಚ್ಚು, ಬರೆದಳು. ದೊಡ್ಡ ಹುಳುವಿಗೆ ಬೇಕಾದ ಒಣ ಹವೆ ಅದರದು. ಅದರಿಂದಲೇ ‘ಚಾಕಿ’ ಎಂಬ ಇನ್ನೊಂದನ್ನು ಹುಟ್ಟಿಸಿದಳು. ಚಾಕಿ ಎಂದರೆ ಮರಿಹುಳು, ಅದಕ್ಕೆ ಹೆಚ್ಚು ಶಾಖ ಬೇಕು, ಒದ್ದೆ ಹವೆ ಬೇಕು.

ಹುಳು ಎರಡನೇ ಸಲ ಪೊರೆ ಕಳಚಿ ಎದ್ದ ದಿನ ಪ್ರೋಗ್ರಾಮಿನಲ್ಲಿ ಹೊಸದಾಗಿ ಒಂದು ‘ಹುಳು’ ಕಟ್ಟಿ, ಹಳೆಯದರ ದಿನಾಂಕ, ಲೆಕ್ಕಗಳನ್ನಷ್ಟೇ ಅದಕ್ಕೆ ತುಂಬಬೇಕಿತ್ತು. ಪರಿವರ್ತನೆ ಎಂದರೆ ಅದು. ಇವಳು ಕಾಸ್ಟ್ ಮಾಡಿದಳು. ಅಂದರೆ ಅದೇ ಚಾಕಿಯನ್ನು ಇನ್ನು ಮೇಲೆ ‘ಹುಳು’ ಎಂದು ನೋಡು ಅಂದಳು, ಅಷ್ಟೇ. ಪರದೆಯ ಮೇಲೆ ‘ದೊಡ್ಡ ಹುಳು’ ಎಂದು ಬಂತು, ಹಸಿರು ದೀಪವೂ ಹತ್ತಿತು. ಒಳಗಿದ್ದದ್ದು ಮಾತ್ರ ಅದೇ ಚಾಕಿ. ಯಂತ್ರ ಹಗಲೂ ರಾತ್ರಿ ನೀರಿನ ಮಂಜು ಉಗುಳುತ್ತಲೇ ಇತ್ತು.

ಮೂರನೇ ದಿನ ಪೆದ್ದಮ್ಮ ಸೊಪ್ಪು ಮುಟ್ಟಿ ನೋಡಿದರು.

“ತನೂ, ಹಾಸು ಒದ್ದೆ ಐತೆ ಕಣಮ್ಮ. ಸುಣ್ಣದ ಪುಡಿ ಎರಚಿ ಒಣಗಿಸ್ತೀನಿ.”

“ಬೇಡಮ್ಮ, ಸ್ಕ್ರೀನ್ ನೋಡು. ಎಲ್ಲಾ ಕರೆಕ್ಟಾಗೈತೆ. ಸುಣ್ಣ ಬಿದ್ರೆ ಸೆನ್ಸರ್ ಹಾಳಾಗೋಗುತ್ತೆ.”

ಅವತ್ತು ನಾನೂ ಅಲ್ಲೇ ಇದ್ದೆ. ಪೆದ್ದಮ್ಮ ಪರದೆ ನೋಡಿದರು, ತಮ್ಮ ಕೈ ನೋಡಿಕೊಂಡರು, ಸುಣ್ಣದ ಬುಟ್ಟಿಯನ್ನು ಮೂಲೆಗೆ ಇಟ್ಟುಬಿಟ್ಟರು. ಓದಿದ ಮಗಳು ಹೇಳಿದ್ದಾಳಲ್ಲ! ನಾನಾದರೂ ಬಾಯಿ ಬಿಟ್ಟೆನೇ? ನನಗೂ ಹಸಿರು ದೀಪವೇ ಕಂಡಿತ್ತು.

ವಾರದಲ್ಲಿ ಹಾಲುತೊಂಡೆ ರೋಗ ಬಂತು. ಹುಳುಗಳ ಮೈ ಊದಿ, ಒಡೆದು, ಬಿಳಿ ನೀರು ಸೋರಿತು. ಏಳು ಮನೆಯ ಹುಳುವನ್ನೂ ಗುಂಡಿ ತೋಡಿ ಹೂತೆವು. ಗುಂಪಿನ ಹಿರಿಯಳು ವೆಂಕಟರತ್ನಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತು, “ಯಾರ ತಪ್ಪಿದು? ಹೇಳ್ರಮ್ಮ” ಎಂದಳು. ತನುಜ ತುಟಿ ತೆರೆಯುವ ಮೊದಲೇ ಪೆದ್ದಮ್ಮ ಹೇಳಿಬಿಟ್ಟರು:

“ನಂದೇ ಕಣಕ್ಕ. ಸುಣ್ಣ ಹಾಕೋದು ಮರ್ತುಬಿಟ್ಟೆ. ವಯಸ್ಸಾಯ್ತು ನೋಡು.”

ಸುಣ್ಣ ಬೇಡ ಎಂದದ್ದು ತಾನೇ ಎಂದು ತನುಜ ಹೇಳಲಿಲ್ಲ. ತಪ್ಪು ಎಲ್ಲಿದೆ ಎಂದು ಅವಳಿಗೂ ಆಗ ಗೊತ್ತಿರಲಿಲ್ಲ, ನಿಜ. ಮಾರನೆಯ ದಿನ ಲ್ಯಾಬಿನಲ್ಲಿ ಇಬ್ಬರೂ ಕೂತು ಕಾಸ್ಟ್ ಮಾಡಿದ ಆ ಒಂದು ಸಾಲನ್ನು ಹಿಡಿದೆವು. ಅವಳು ಮುಖ ಮುಚ್ಚಿಕೊಂಡು ಅತ್ತಳು.

“ಈಗಲೇ ಹೋಗಿ ಹೇಳಮ್ಮ” ಎಂದು ಗದರಿದೆ.

“ನಾಳೆ ಹೇಳ್ತೀನಿ ಸಾರ್.”

ಆ ನಾಳೆ ಬರಲು ನಾಲ್ಕು ತಿಂಗಳು ಬೇಕಾಯಿತು. ಅಷ್ಟರಲ್ಲಿ ಸಾಲು ತಿದ್ದಿದ ಯಂತ್ರದಿಂದ ಎರಡು ಬೆಳೆ ಚೆನ್ನಾಗಿ ಬಂದಿದ್ದವು. ಪೆದ್ದಮ್ಮನನ್ನು ಹುಳುಮನೆಯೊಳಗೆ ಬಿಡುವುದು ನಿಂತಿತ್ತು. ಮುರುಗಮಲ್ಲದ ಬೈಕೂ ಬರುತ್ತಿರಲಿಲ್ಲ. ತನುಜ ಏಳೂ ಹೆಂಗಸರನ್ನು ಕೂರಿಸಿಕೊಂಡು, ತಪ್ಪು ತನ್ನದೆಂದು ಅಳುತ್ತ ಹೇಳಿದಳು. ವೆಂಕಟರತ್ನಮ್ಮ ಅವಳ ತಲೆ ಸವರಿದಳು.

“ಅಮ್ಮನ ಮಾನ ಉಳಿಸಕ್ಕೆ ಎಂಥಾ ಸುಳ್ಳು ಹೇಳ್ತಾಳೆ ನೋಡ್ರೇ! ಮಗಳು ಅಂದ್ರೆ ಹಿಂಗಿರ್ಬೇಕು.”

ನಾನು ಕೂಗಾಡಿದೆ, ಕಾಗದದ ಮೇಲೆ ಬರೆದು ತೋರಿಸಿದೆ. ಯಾರು ಕೇಳುತ್ತಾರೆ? ಮರೆತೆ ಎಂದು ಪೆದ್ದಮ್ಮನೇ ಒಪ್ಪಿಕೊಂಡಿದ್ದಾರಲ್ಲ!

ಮೊನ್ನೆ ಬೆಳಿಗ್ಗೆ ಹೋಗಿದ್ದೆ. ಹುಳುಮನೆಗೆ ಹೋಗುವವರು ಕೈ ತೊಳೆಯಲೆಂದು ಬಾಗಿಲಲ್ಲಿ ಬ್ಲೀಚಿಂಗ್ ನೀರಿನ ಬಕೆಟ್ ಇಟ್ಟಿರುತ್ತಾರೆ. ಪೆದ್ದಮ್ಮ ಅದರಲ್ಲಿ ಮೊಣಕೈವರೆಗೂ ತೊಳೆದುಕೊಂಡು, ಬಂದು ಹೊರಗಿನ ಕಲ್ಲಿನ ಮೇಲೆ ಕೂತರು.

“ಒಳಕ್ಕೆ ಬಿಡಲ್ವಲ್ಲ, ಕೈ ಯಾಕಮ್ಮ ತೊಳೀತೀರಿ?” ಎಂದೆ.

“ಯಾರಾದ್ರೂ ಕರೆದ್ರೆ, ಸಾರ್” ಎಂದರು.