ಜಗಲಿಯ ಮೇಲೆ ಎರಡು ದಿನ

ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಅಮ್ಮ ಅಪ್ಪನ ಮೇಲೆ ವಿಚ್ಛೇದನದ ಕೇಸು ಹಾಕಿದಳು. ನಮ್ಮವರಲ್ಲಿ ಹೆಂಗಸೊಬ್ಬಳು ಹಾಗೆ ಕೇಳಬಹುದೆಂಬ ಕಾನೂನು ಬಂದು ಇನ್ನೂ ಒಂದೆರಡು ವರ್ಷವಾಗಿತ್ತು, ಅಷ್ಟೆ. ನೂಲಿನ ಗಿರಣಿಯಲ್ಲಿ ಮೇಸ್ತ್ರಿಯಾಗಿದ್ದ ಅಪ್ಪ ಪೇಟೆಯಲ್ಲಿ ಇನ್ನೊಬ್ಬಳ ಜೊತೆ ಸಂಸಾರ ಹೂಡಿದ್ದರು. ಅದು ಖಾತ್ರಿಯಾದ ದಿನ ಅಮ್ಮ ನನ್ನನ್ನೂ ನಾಲ್ಕು ವರ್ಷದ ತಂಗಿಯನ್ನೂ ಕರೆದುಕೊಂಡು, ಮೇಟಗಳ್ಳಿಯ ಮನೆ ಬಿಟ್ಟು, ಚಾಮುಂಡಿಪುರದಲ್ಲಿದ್ದ ನನ್ನ ಸೋದರಮಾವನ ಮನೆಗೆ ಬಂದಳು.

ಕೇಸು ಮುಗಿಯುವ ತನಕ ಮಕ್ಕಳು ತಾಯಿಯ ಹತ್ತಿರ ಇರಬೇಕು, ಶನಿವಾರ ಸಂಜೆಯಿಂದ ಭಾನುವಾರ ಸಂಜೆಯವರೆಗೆ ತಂದೆಯ ಮನೆಯಲ್ಲಿರಬೇಕು ಎಂದು ಕೋರ್ಟು ಹೇಳಿತು. ಅಪ್ಪ ಜಟಕಾದಲ್ಲಿ ಬಂದು ಗೇಟಿನಾಚೆ ನಿಲ್ಲುತ್ತಿದ್ದರು. ಅಮ್ಮ ಹೊರಗೆ ಬರುತ್ತಿರಲಿಲ್ಲ. “ಚಿಕ್ಕವಳಿಗೆ ನೆಗಡಿ, ಮೊಸರು ಕೊಡಬೇಡಿ ಅಂತ ಹೇಳು” ಎನ್ನುವಳು ಒಳಗಿನಿಂದ. “ಬರೋ ವಾರ ಸ್ವಲ್ಪ ತಡ ಆಯ್ತದೆ ಅಂತ ಹೇಳು” ಎನ್ನುವರು ಅಪ್ಪ. ಇಬ್ಬರ ಮಾತೂ ನನ್ನ ಬಾಯಿಂದಲೇ ದಾಟಬೇಕಿತ್ತು. ಒರಟು ಮಾತಾದರೆ ಗೇಟಿಗೂ ಬಾಗಿಲಿಗೂ ನಡುವೆ ನಾನೇ ಅದನ್ನು ಮೆತ್ತಗೆ ಮಾಡುತ್ತಿದ್ದೆ.

ಆ ವರ್ಷ ಮಳೆಗಾಲದಲ್ಲಿ ಫ್ಲೂ ಜ್ವರ ಬಂತು. ಹಡಗಿನಲ್ಲಿ ಮದರಾಸಿಗೆ ಬಂದಿಳಿದ ಜ್ವರ ಎಂದು ಮಾವ ಪೇಪರು ಓದಿ ಹೇಳಿದರು. ನಮ್ಮ ಸ್ಕೂಲು ಮುಚ್ಚಿತು. ಗಿರಣಿಯಲ್ಲಿ ಅರ್ಧಕ್ಕರ್ಧ ಜನ ಮಲಗಿದರು. ಒಂದು ಸಲ ವಕೀಲರಿಗೆ ಜ್ವರ, ಇನ್ನೊಂದು ಸಲ ನ್ಯಾಯಾಧೀಶರಿಗೇ ಜ್ವರ. ನಮ್ಮ ಕೇಸಿಗೆ ವಾಯಿದೆಯ ಮೇಲೆ ವಾಯಿದೆ ಬಿತ್ತು.

“ಈ ವಾರ ಮಕ್ಕಳನ್ನ ಕಳಿಸೋದು ಬೇಡ” ಎಂದರು ಮಾವ. ಅಮ್ಮ ತನ್ನ ವಕೀಲರನ್ನು ಕೇಳಿದಳು. “ಕಳಿಸದೇ ಇದ್ರೆ ಆದೇಶ ಮೀರಿದ ಹಾಗಾಗುತ್ತಮ್ಮ. ಬದಲಾಯಿಸಿ ಅಂತ ಕೇಳೋಣ ಅಂದ್ರೆ ಕೋರ್ಟೇ ನಡೀತಿಲ್ಲ” ಎಂದರು ಅವರು. ಅಮ್ಮ ನಮ್ಮನ್ನು ಕಳಿಸಿದಳು.

ಭಾನುವಾರ ಮಧ್ಯಾಹ್ನ ಮೇಟಗಳ್ಳಿಯಲ್ಲಿ ತಂಗಿ ಊಟ ಬೇಡವೆಂದು ಮಲಗಿದಳು. ಸಂಜೆಯ ಹೊತ್ತಿಗೆ ಮೈ ಸುಡುತ್ತಿತ್ತು. ಅಪ್ಪ ನನ್ನೊಬ್ಬಳನ್ನೇ ಜಟಕಾದಲ್ಲಿ ಕೂರಿಸಿಕೊಂಡು ಬಂದರು. ಒಬ್ಬಳೇ ಇಳಿದದ್ದನ್ನು ಕಂಡು ಅಮ್ಮ ಮೊದಲ ಸಲ ಗೇಟಿನವರೆಗೆ ಬಂದಳು. ಅಪ್ಪ ನನ್ನ ಮುಖವನ್ನೇ ನೋಡುತ್ತಾ, “ಚಿಕ್ಕವಳಿಗೆ ಜ್ವರ, ಕರ್ಕೊಂಡು ಬರಕ್ಕಾಗಲಿಲ್ಲ ಅಂತ ಹೇಳು” ಎಂದರು. ಅಮ್ಮ ಎರಡು ಮಾರು ದೂರದಲ್ಲೇ ನಿಂತಿದ್ದಳು.

ಆಗಲೇ ಅಮ್ಮ ನನ್ನ ಕೈ ಹಿಡಿದು ವಕೀಲರ ಮನೆಗೆ ನಡೆದಳು. “ಹೋಗಿ ನೋಡಿ, ಬೇಡ ಅನ್ನಲ್ಲ. ಆದ್ರೆ ಆ ಮನೇಲಿ ತಂಗಿದ್ರೆ ಗಂಡನ ತಪ್ಪನ್ನ ಕ್ಷಮಿಸಿಬಿಟ್ರಿ ಅಂತ ಅವರ ವಕೀಲರು ಹೇಳ್ತಾರೆ. ಕೇಸೇ ನಿಲ್ಲಲ್ಲ. ಹೊಸ್ತಿಲು ದಾಟದೇ ಇದ್ರೆ ಒಳ್ಳೇದು” ಎಂದರು ಅವರು.

ಸೋಮವಾರ ಬೆಳಿಗ್ಗೆ ಮೊದಲ ಬಸ್ಸಿಗೆ ನಾವಿಬ್ಬರೂ ಮೇಟಗಳ್ಳಿಗೆ ಹೋದೆವು. ಅಷ್ಟರಲ್ಲಿ ಅಪ್ಪನೂ ಜ್ವರದಿಂದ ಮಲಗಿದ್ದರು. ಅಪ್ಪನ ತಾಯಿ, ನನ್ನಜ್ಜಿ, ಅಮ್ಮನನ್ನು ಕಂಡು ಒಳಗೆ ಬಾ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಅಮ್ಮ ಜಗಲಿಯ ಮೇಲೆ ಕೂತಳು. ಹಗಲೆಲ್ಲ ಅಲ್ಲೇ, ಮಲಗಲು ಎದುರು ಮನೆಗೆ. ಕಾಂಪೌಂಡರು ಬಂದು ಮಿಕ್ಸ್ಚರು ಕೊಟ್ಟು ಹೋದ. ಗಂಜಿಯನ್ನು ಒಳಗೆ ಒಯ್ಯುವುದು, ಸುದ್ದಿಯನ್ನು ಹೊರಗೆ ತರುವುದು ನನ್ನ ಕೆಲಸ. ತಂಗಿ “ಅಮ್ಮಾ” ಎಂದು ಅಳುವುದು ಜಗಲಿಗೆ ಕೇಳಿಸುತ್ತಿತ್ತು. ಕೇಳಿಸಿದಾಗಲೆಲ್ಲ ಅಮ್ಮ ಎದ್ದು ನಿಲ್ಲುವಳು, ಮತ್ತೆ ಕೂರುವಳು.

ಮಂಗಳವಾರ ಮಧ್ಯಾಹ್ನ ಅಳು ನಿಂತಿತು. ಅಡುಗೆಮನೆಯಲ್ಲಿ ಅಜ್ಜಿ ನನ್ನ ರಟ್ಟೆ ಹಿಡಿದುಕೊಂಡಳು.

“ನಿಮ್ಮವ್ವಂಗೆ ಜ್ವರ ಇಳೀತು ಅಂತ ಯೋಳು. ಅವಳು ಒಳೀಕೆ ಬಂದ್ರೆ ಮತ್ತೆ ರಂಪ ಆಯ್ತದೆ. ನನ್ ಮಗ ಏಳಕ್ಕಾಗ್ದೆ ಬಿದ್ದವ್ನೆ.”

ನಾನು ಆಗಷ್ಟೇ ತಂಗಿಯ ಹಣೆ ಮುಟ್ಟಿ ಬಂದಿದ್ದೆ. ಜ್ವರ ಇಳಿದಿರಲಿಲ್ಲ. ಉಸಿರೆಳೆದಾಗ ಪಕ್ಕೆ ಒಳಕ್ಕೆ ಹೋಗುತ್ತಿತ್ತು. ಆದರೂ ಹೊರಗೆ ಬಂದು, “ಜ್ವರ ಇಳೀತಮ್ಮ, ನಿದ್ದೆ ಮಾಡ್ತಿದಾಳೆ” ಎಂದೆ. ಅವರು ಜಗಳವಾಡುವುದು ನನಗೆ ಬೇಡವಾಗಿತ್ತು. ಅಮ್ಮ ಕಂಬಕ್ಕೆ ಒರಗಿ ಕಣ್ಣು ಮುಚ್ಚಿದಳು. ಆಮೇಲೆ ಎದುರು ಮನೆಯವರು ಕೊಟ್ಟ ಮುದ್ದೆ ಉಂಡಳು. ಬಂದ ಮೇಲೆ ಅವಳು ಅನ್ನಾಹಾರ ಮುಟ್ಟಿದ್ದು ಅದೇ ಮೊದಲು.

ಬುಧವಾರ ಬೆಳಗಾಗುವಾಗ ತಂಗಿಯ ತುಟಿ ನೀಲಿಯಾಗಿತ್ತು. ನಾನು ಎದುರು ಮನೆಗೆ ಓಡಿ ಬಾಗಿಲು ಬಡಿದೆ. ಅಮ್ಮ ಯಾರನ್ನೂ ಕೇಳದೆ ಹೊಸ್ತಿಲು ದಾಟಿ ಒಳಗೆ ಹೋದಳು. ಪೇಟೆಯಿಂದ ಡಾಕ್ಟರು ಬಂದು ಇಂಜೆಕ್ಷನ್ ಕೊಟ್ಟರು. “ಎದೆಗೆ ಇಳಿದುಬಿಟ್ಟಿದೆ. ನಿನ್ನೆಯೇ ಕರೆಸಬೇಕಿತ್ತು” ಎಂದರು. ಅಮ್ಮ ಎರಡು ರಾತ್ರಿ ಆ ಮನೆಯಲ್ಲೇ ಇದ್ದಳು. ಶುಕ್ರವಾರ ಮಧ್ಯಾಹ್ನ ತಂಗಿ ಅವಳ ತೊಡೆಯ ಮೇಲೆ ತೀರಿಕೊಂಡಳು. ಅಪ್ಪ ಗೋಡೆ ಹಿಡಿದುಕೊಂಡು ಎದ್ದು ಬಂದು ಬಾಗಿಲಲ್ಲೇ ಕುಸಿದು ಕೂತರು.

ದೀಪಾವಳಿ ಕಳೆದ ಮೇಲೆ ಕೇಸು ಮತ್ತೆ ಬಂತು. ವಕೀಲರು ಹೆದರಿದ್ದ ಹಾಗೆಯೇ ಆಯಿತು. ಗಂಡನ ಮನೆಯಲ್ಲಿ ಎರಡು ರಾತ್ರಿ ಇದ್ದಿರಲ್ಲವೆ ಎಂದು ಅಪ್ಪನ ವಕೀಲರು ಅಮ್ಮನನ್ನು ಕೇಳಿದರಂತೆ. ಇದ್ದೆ ಎಂದಳಂತೆ. ಆಮೇಲೆ ಅಪ್ಪನನ್ನು ಕಟಕಟೆಗೆ ಕರೆದರು. “ಮಗೀಗೋಸ್ಕರ ಬಂದಿದ್ಲು ಸ್ವಾಮಿ. ನನ್ನ ಕಡೆ ತಿರುಗಿ ಕೂಡ ನೋಡಲಿಲ್ಲ” ಎಂದು ಅವರು ಹೇಳಿದ್ದನ್ನು ಮಾವ ಮನೆಗೆ ಬಂದು ತಿಳಿಸಿದರು. ವಿಚ್ಛೇದನ ಸಿಕ್ಕಿತು.

ಹೈಸ್ಕೂಲು ಮುಗಿಯುವ ತನಕ ನಾನೊಬ್ಬಳೇ ಮೇಟಗಳ್ಳಿಗೆ ಹೋಗಿ ಬರುತ್ತಿದ್ದೆ. ಅಜ್ಜಿ ಬಡಿಸುತ್ತಿದ್ದಳು, ನಾನು ಉಣ್ಣುತ್ತಿದ್ದೆ. ಆ ಮಂಗಳವಾರದ ಮಾತನ್ನು ಇಬ್ಬರೂ ಎತ್ತಲಿಲ್ಲ.

ನನಗೆ ಮದುವೆ ಗೊತ್ತಾದ ವರ್ಷ, ಅಕ್ಕಿ ಆರಿಸುತ್ತಾ ಕೂತಿದ್ದ ಅಮ್ಮ ಇದ್ದಕ್ಕಿದ್ದಂತೆ ಹೇಳಿದಳು: “ವಕೀಲರ ಮಾತು ಕೇಳ್ಕೊಂಡು ಎರಡು ದಿನ ಹೊರಗೇ ಕೂತ್ಬುಟ್ಟೆ ಕಣಮ್ಮ. ಜ್ವರ ಇಳೀತು ಅಂತ ನೀನು ಬಂದು ಹೇಳ್ದೆ ನೋಡು, ಆಗ ನಿಜವಾಗ್ಲೂ ಸ್ವಲ್ಪ ಇಳಿದಿತ್ತಾ?”

ಹೇಳಿಬಿಡಬೇಕು ಎಂದು ಬಾಯಿ ತೆರೆದೆ.

“ಹೂಂ ಅಮ್ಮ, ಇಳಿದಿತ್ತು” ಎಂದೆ.