ಮೆಹನಾಜ್ ಬೆಳ್ಳಗೆ ಮಾಡಿದ ಮುಖ

ಪಿರಿಯಾಪಟ್ಟಣದ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಖದೀರ್ ಸಾಹೇಬರು ಶುರು ಮಾಡಿದ ಫೋಟೋ ಸ್ಟುಡಿಯೋಗೆ ಈಗ ಮಗ ರಿಯಾಜ್ ಯಜಮಾನ. ಕೆಲಸವೆಲ್ಲ ಮಗಳು ಮೆಹನಾಜಳದು. ಅಪ್ಪ ನೆಗೆಟಿವ್ ಮೇಲೆ ಚೂಪು ಪೆನ್ಸಿಲ್ ಆಡಿಸಿ ಮೊಡವೆ ಕಲೆ ಅಳಿಸುವುದನ್ನು ಪಕ್ಕದಲ್ಲಿ ಕೂತು ನೋಡುತ್ತ ಬೆಳೆದವಳು. ಮದುವೆಯಾಗಿ ಹುಣಸೂರಿಗೆ ಹೋದಳು. ಮೂರೇ ವರ್ಷಕ್ಕೆ ಗಂಡ ತೀರಿಕೊಂಡು ತವರಿಗೆ ಬಂದಾಗ ಅಪ್ಪ ಸಮಾಧಾನದ ಮಾತೇನೂ ಆಡದೆ ಕಂಪ್ಯೂಟರ್ ಮುಂದಿನ ಕುರ್ಚಿ ಎಳೆದು ಕೊಟ್ಟಿದ್ದರು.

"ಅಸಲು ಮುಟ್ಟಬೇಡ ಬೇಟಾ. ಏನು ತಿದ್ದೋದಿದ್ರೂ ನಕಲಿನ ಮೇಲೆ ತಿದ್ದು" ಅಂದಿದ್ದರು.

ಅಪ್ಪ ಹೋದ ಮೇಲೂ ಅವಳು ಆ ಮಾತು ಬಿಡಲಿಲ್ಲ. ಈಗ ಕ್ಯಾಮೆರಾ ಕೇಳುವವರೇ ಇಲ್ಲ, ಎಲ್ಲರೂ ಮೊಬೈಲಿನಲ್ಲಿ ತೆಗೆದದ್ದನ್ನೇ ತರುತ್ತಾರೆ. ವಾಟ್ಸಾಪಿನಲ್ಲಿ ಕಳಿಸುತ್ತೇನೆ ಅಂದರೆ ಮೆಹನಾಜ್ ಒಪ್ಪುತ್ತಿರಲಿಲ್ಲ. ಹಾಗೆ ಬಂದ ಫೋಟೋ ಸೊರಗಿ ಬರುತ್ತದೆ, ದೊಡ್ಡದು ಮಾಡಿದರೆ ಒಡೆಯುತ್ತದೆ. ಫೋನನ್ನೇ ತರಿಸಿ, ವೈರ್ ಹಾಕಿ, ಇದ್ದದ್ದು ಇದ್ದ ಹಾಗೆ ಇಳಿಸಿಕೊಂಡು 'ಅಸಲು' ಎಂಬ ಫೋಲ್ಡರಿಗೆ ಹಾಕುತ್ತಿದ್ದಳು. ಆಮೇಲೆಯೇ ನಕಲಿನ ಮೇಲೆ ಕೆಲಸ. ತಿದ್ದಿ ತಿದ್ದಿ ಮತ್ತೆ ಮತ್ತೆ ಉಳಿಸಿದರೂ ಚಿತ್ರ ಸವೆಯುತ್ತದೆಂದು ಎಲ್ಲ ಮುಗಿದ ಮೇಲೆ ಒಂದೇ ಸಲ ಉಳಿಸುವಳು.

ಎರಡು ವರ್ಷದ ಹಿಂದೆ ಕಂಪಲಾಪುರದ ವೀರಮ್ಮ ಮಗಳು ಹೇಮಶ್ರೀಯನ್ನು ಕರೆದುಕೊಂಡು ಬಂದಿದ್ದರು. ಹೊಗೆಸೊಪ್ಪು ಪೋಣಿಸಿ ತಾಯಿ ಮಗಳಿಬ್ಬರ ಬೆರಳೂ ಕಪ್ಪಾಗಿದ್ದವು. ಹುಡುಗಿಯದು ಎಣ್ಣೆಗಪ್ಪು ಬಣ್ಣ, ಹುಬ್ಬಿನ ಮೇಲೊಂದು ಗಾಯದ ಗೆರೆ. ಚಿಕ್ಕಂದಿನಲ್ಲಿ ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿನ ಮೆಟ್ಟಿಲ ಮೇಲೆ ಬಿದ್ದದ್ದಂತೆ.

"ಒಸಿ ಬೆಳ್ಳಗ್ ಮಾಡ್ಕೊಡವ್ವ. ಎಚ್.ಡಿ. ಕೋಟೆ ಕಡೆ ಗಂಡು. ಮೊದ್ಲು ಫೋಟೋ ಕಳ್ಸಿ ಅಂದವ್ರೆ" ಎಂದರು ವೀರಮ್ಮ.

"ಗಾಯ ಇರ್ಲಿ ಬುಡಿ ಅಕ್ಕ" ಅಂದಳು ಹೇಮಶ್ರೀ.

"ನೀ ಸುಮ್ಕಿರು. ಅದೂ ತೆಗ್ದುಬುಡವ್ವ."

ಮೆಹನಾಜ್ ಎರಡು ಗಂಟೆ ಕೂತಳು. ಆಪ್‌ಗಳು ಮಾಡುವ ಹಾಗೆ ಮುಖಕ್ಕೆ ಮೇಣ ಸವರಿದಂತೆ ಮಾಡಲಿಲ್ಲ. ಚರ್ಮದ ಸಣ್ಣ ರಂಧ್ರ, ಕೂದಲಿನ ಎಳೆ, ಎಲ್ಲ ಹಾಗೇ ಉಳಿಸಿ ಬಣ್ಣವನ್ನಷ್ಟೇ ಏರಿಸಿದಳು. ಗಾಯ ಇತ್ತೆಂಬ ಗುರುತೇ ಇಲ್ಲದಂತೆ ಹುಬ್ಬು ಕೂಡಿಸಿದಳು. ಹೇಮಶ್ರೀ ಪರದೆಗೆ ಬಗ್ಗಿ ನೋಡಿ, "ಚೆನ್ನಾಗವ್ಳೆ. ಯಾರಕ್ಕ ಇವ್ಳು?" ಎಂದು ನಕ್ಕಳು. ಮೆಹನಾಜಳೂ ನಕ್ಕಳು. ಗಂಡಿನವರು ಒಪ್ಪಿದರು. ಮದುವೆಯಾಯಿತು.

ಹೋದ ಮಳೆಗಾಲದಲ್ಲಿ ಹೇಮಶ್ರೀ ಜ್ವರ ಬಂದು ನಾಲ್ಕೇ ದಿನಕ್ಕೆ ಹೋಗಿಬಿಟ್ಟಳು.

ವಾರ ಕಳೆದ ಮೇಲೆ ವೀರಮ್ಮ ದೊಡ್ಡ ಮಗ ಮಲ್ಲೇಶನ ಜೊತೆ ಸ್ಟುಡಿಯೋಗೆ ಬಂದರು. ಕುರ್ಚಿ ಕೊಟ್ಟರೂ ಕೂರಲಿಲ್ಲ.

"ಮೊದಲ್ನೆ ಫೋಟೋ ಐತಲ್ಲವ್ವ, ನೀ ತಿದ್ದೋಕ್ ಮುಂಚೆ ಇದ್ದುದ್ದು, ಅದ್ನ ದೊಡ್ಡದು ಮಾಡ್ಕೊಡು. ಅವಳ ಫೋನ್ನ ಅಳಿಸಿ ನಾದಿನಿಗೆ ಕೊಟ್ಟವ್ರೆ. ಮದ್ವೆ ಫೋಟೋದಾಗೆಲ್ಲ ಪೌಡ್ರು. ನನ್ ಫೋನು ಆಗ್ಲೇ ಕೆಟ್ಟೋಗಿತ್ತು. ನನ್ ಮಗ್ಳು ಮೊಕ ನಿನ್ ತಾವ ಮಾತ್ರ ಅದೆ."

"ಇದೆ ಅಮ್ಮ, ನಾನು ಯಾವುದನ್ನೂ ಅಳಿಸಲ್ಲ" ಎನ್ನುತ್ತ ಮೆಹನಾಜ್ ಕಂಪ್ಯೂಟರಿನಲ್ಲಿ ಹುಡುಕಿದಳು. 'ಅಸಲು' ಫೋಲ್ಡರಿನಲ್ಲಿ ಆ ವರ್ಷದ್ದು ಒಂದೂ ಇರಲಿಲ್ಲ. ಒಳಗಿದ್ದ ತಮ್ಮ ರಿಯಾಜನ ಹತ್ತಿರ ಹೋಗಿ ಮೆಲ್ಲಗೆ ಕೇಳಿದಳು.

"ಅದಾ ಆಪಾ? ಡಿಸ್ಕ್ ತುಂಬಿ ಕಂಪ್ಯೂಟರ್ ತೆವಳ್ತಾ ಇತ್ತು, ರಂಜಾನ್‌ಗೆ ಮುಂಚೆನೇ ತೆಗೆದಾಕ್ದೆ. ತಿದ್ದಿರೋದೆಲ್ಲ ಇದೆಯಲ್ಲ, ಚೆನ್ನಾಗಿರೋದು ಇರುವಾಗ ಹಳೇದ್ಯಾಕೆ?"

ಅವನ ಕೆನ್ನೆಗೆ ಹೊಡೆಯಬೇಕೆನ್ನಿಸಿತು. ಹೊಡೆಯಲಿಲ್ಲ. ಹೊರಗೆ ಬಂದು, "ಕಂಪ್ಯೂಟರ್ ಕೆಟ್ಟು ಹೋಗಿತ್ತಮ್ಮ" ಅಂದಳು. ತಮ್ಮನ ಮಾನ ಉಳಿಸಲೋ, ತನ್ನದನ್ನು ಉಳಿಸಲೋ ಅವಳಿಗೇ ತಿಳಿಯಲಿಲ್ಲ.

ಮಲ್ಲೇಶನ ಫೋನಿನಲ್ಲಿ ಸರಗೂರಿನ ನೆಂಟರು ವಾಟ್ಸಾಪಿಗೆ ಹಾಕಿದ ಗುಂಪು ಫೋಟೋ ಒಂದಿತ್ತು. ಹಿಂದಿನ ಸಾಲಿನಲ್ಲಿ ಹೇಮಶ್ರೀ, ಉಗುರಿನಷ್ಟು ಮುಖ. ದೊಡ್ಡದು ಮಾಡಿದರೆ ಬರೀ ಚೌಕ ಚೌಕ. ಮಸುಕು ಚಿತ್ರ ಸ್ಪಷ್ಟ ಮಾಡುವ ಹೊಸ ಸಾಫ್ಟ್‌ವೇರಿಗೆ ಕೊಟ್ಟು ನೋಡಿದಳು. ಅದು ಹೊಳೆಯುವ ಕಣ್ಣು, ತಿದ್ದಿದ ಮೂಗು ಬರೆದು ಬೇರೆ ಯಾರನ್ನೋ ತಂದು ಕೂರಿಸಿತು. ವೀರಮ್ಮ ತಲೆ ಅಲ್ಲಾಡಿಸಿದರು.

ಕೊನೆಗೆ ಮೆಹನಾಜ್ ತಾನು ತಿದ್ದಿದ ಫೋಟೋವನ್ನೇ ತೆರೆದಳು. ಬಣ್ಣವನ್ನು ಇಳಿಸುತ್ತ ಹೋದಳು.

"ಇಷ್ಟು ಕಪ್ಪಾ ಅಮ್ಮ?"

"ಇನ್ನೊಸಿ... ಅಯ್ಯೋ, ಅದು ಬೂದಿ ಬಳ್ದಂಗಾಯ್ತು ಕಣವ್ವ. ಅವಳದು ಕಪ್ಪಾದ್ರೂ ಮಿಂಚೋದು."

"ಗಾಯ ಯಾವ ಕಡೆ?"

"ಬಲಕ್ಕೆ" ಎಂದ ವೀರಮ್ಮ ತಮ್ಮ ಹುಬ್ಬು ಮುಟ್ಟಿಕೊಂಡರು. ಕೈ ನಿಂತಿತು. ಇನ್ನೊಂದು ಹುಬ್ಬು ಮುಟ್ಟಿದರು. "ಎದುರಿಗೆ ಕೂರಿಸ್ಕಂಡು ತಲೆ ಬಾಚ್ತಿದ್ದೆ... ಮಲ್ಲೇಶ, ಯಾವ ಕಡೆಗಿತ್ಲಾ?"

"ಎಡಕ್ಕಲ್ವಾ?" ಅಂದ ಮಲ್ಲೇಶ. ಅವನ ದನಿಯಲ್ಲೂ ಗಟ್ಟಿತನವಿರಲಿಲ್ಲ.

ಇಬ್ಬರೂ ಮೆಹನಾಜಳ ಕಡೆ ನೋಡಿದರು. ಅವಳಿಗೂ ನೆನಪಿರಲಿಲ್ಲ. ತನ್ನ ಕೈಯಾರೆ, ಗುರುತು ಸಿಗದ ಹಾಗೆ ಅಳಿಸಿದವಳು ಅವಳೇ.

"ಬುಡವ್ವ, ಬೆಳ್ಳಗ್ ಮಾಡಿದ್ದೇ ಇರ್ಲಿ. ನಾಡಿದ್ದು ಅವಳ ಶಿವಗಣಾರಾಧನೆ, ಕೋಟೆಯಿಂದ ಬೀಗ್ರು ಬತ್ತಾರೆ. ಚೆನ್ನಾಗೇ ಅದೆ" ಎಂದ ಮಲ್ಲೇಶ.

"ಫೋಟೋ ನೋಡಿ ಮೋಸ ಹೋದೋ ಅಂತ ಮನೆಗೆ ಬಂದೋರ್ಗೆಲ್ಲ ಅವಳ ಮುಂದೇ ಹೇಳೋಳು ಅವಳತ್ತೆ. ಅವ್ರಿಗೆ ಬೇಕಾಗಿದ್ದ ಮೊಕನೇ ನೇತಾಕ್ತೀಯೇನ್ಲಾ?" ವೀರಮ್ಮನ ಧ್ವನಿ ಏರಿ ಒಡೆಯಿತು. ಆಮೇಲೆ ಮೆಹನಾಜಳ ಕೈ ಹಿಡಿದು, "ನಿಂದೇನೂ ತಪ್ಪಿಲ್ಲ ಕಣವ್ವ. ಬೆಳ್ಳಗ್ ಮಾಡು ಅಂದೋಳು ನಾನು" ಎಂದರು.

ಆ ಮಾತು ಬೈಗುಳಕ್ಕಿಂತ ಕೆಟ್ಟದಾಗಿತ್ತು.

ಬೇರೆ ದಾರಿಯಿಲ್ಲದೆ ಸಂಜೆ ಆ ಬೆಳ್ಳಗಿನ ಫೋಟೋವೇ ಪ್ರಿಂಟಾಗಿ, ಚೌಕಟ್ಟು ಹಾಕಿ ಬಂತು. ಅಷ್ಟು ದೊಡ್ಡದಾದರೂ ಎಲ್ಲೂ ಒಡೆದಿರಲಿಲ್ಲ, ಒಂದು ಎಳೆ ಕೂದಲೂ ಮಸುಕಾಗಿರಲಿಲ್ಲ. ಇಪ್ಪತ್ತು ವರ್ಷದಲ್ಲಿ ಇಷ್ಟು ಚೊಕ್ಕ ಕೆಲಸ ತನ್ನ ಕೈಯಲ್ಲಿ ಬಂದಿಲ್ಲವೆಂದು ಮೆಹನಾಜಳಿಗೆ ಅನ್ನಿಸಿತು, ಅನ್ನಿಸಿದ್ದಕ್ಕೆ ತನ್ನ ಮೇಲೇ ಹೇಸಿಗೆಯಾಯಿತು. ಮಲ್ಲೇಶ ಅದನ್ನು ಪೇಪರಿನಲ್ಲಿ ಸುತ್ತಿಕೊಂಡು ಹೊರಟ. ವೀರಮ್ಮ ಬಂದಿರಲಿಲ್ಲ.

ಆಮೇಲೆ ನಾಲ್ಕು ದಿನ ಯಾರ ಮುಖವನ್ನೂ ಬೆಳ್ಳಗೆ ಮಾಡುವುದಿಲ್ಲವೆಂದು ಹಟ ಹಿಡಿದಳು. ಬಂದ ಮೂವರು ಎದುರಿನ ಅಂಗಡಿಗೆ ಹೋದರು. "ನೀನು ಮಾಡ್ದಿದ್ರೆ ಅವರ ಫೋನೇ ಮಾಡುತ್ತೆ ಆಪಾ, ಕಳಕೊಳ್ಳೋರು ನಾವು" ಎಂದ ರಿಯಾಜ್. ಅದು ಸುಳ್ಳಾಗಿರಲಿಲ್ಲ. ಐದನೇ ದಿನ ಮತ್ತೆ ಕುರ್ಚಿಯಲ್ಲಿ ಕೂತಳು.

ಈಗ ಅಸಲು ಫೋಟೋಗಳು ಬೇರೆ ಡಿಸ್ಕಿನಲ್ಲಿ, ಅವಳ ಬೀರುವಿನೊಳಗಿವೆ. ಬೀಗದ ಕೈ ಅವಳ ಹತ್ತಿರವೇ. ತಮ್ಮನ ಜೊತೆ ಕೆಲಸಕ್ಕೆಷ್ಟೋ ಅಷ್ಟೇ ಮಾತು. ಗಂಡಿನವರಿಗೆ ಕಳಿಸಲೆಂದು ಫೋಟೋ ತಂದ ಹುಡುಗಿಯರನ್ನು ಎದುರಿಗೆ ನಿಲ್ಲಿಸಿಕೊಂಡು ಬಹಳ ಹೊತ್ತು ನೋಡುತ್ತಾಳೆ. ಅವರು ಮುಜುಗರಪಟ್ಟು, "ಯಾಕಕ್ಕ ಅಂಗ್ ನೋಡ್ತೀರಿ?" ಎನ್ನುತ್ತಾರೆ.

"ಏನಿಲ್ಲ, ಕೂತ್ಕೊಳ್ಳಿ. ಎಷ್ಟು ಬೆಳ್ಳಗೆ ಬೇಕು?" ಎಂದು ಕೇಳಿ ಪರದೆಯ ಕಡೆ ತಿರುಗುತ್ತಾಳೆ.