ಮಾರ್ಸಲಿ ಕೂರದ ಮೇಜು

ಸ್ಕಾಲಬೋಸ್ತ್ ಎಂಬ ಊರಿನ ಮಾರ್ಸಲಿಯ ಮನೆಯಲ್ಲಿ ಉಣ್ಣದವರು ನಮ್ಮ ದ್ವೀಪದಲ್ಲಿ ಆಗ ಯಾರೂ ಇರಲಿಲ್ಲ. ಇದ್ದರೆ ಅವರು ಹಲ್ಲು ಹುಟ್ಟದ ಕೂಸುಗಳೇ ಆಗಿರಬೇಕು. ವರ್ಷಕ್ಕೆರಡು ಸಲ ಊರಿನ ಚರ್ಚಿನಲ್ಲಿ ಕರ್ತನ ಭೋಜನದ ವಾರ ನಡೆಯುತ್ತಿತ್ತು. ಕರ್ತನ ನೆನಪಿಗೆ ಭಾನುವಾರ ಒಂದೇ ಮೇಜಿಗೆ ಕೂತು ರೊಟ್ಟಿ ಮುರಿದು ತಿನ್ನುವ ಆಚರಣೆ ಅದು. ಗುರುವಾರ ಶುರುವಾದರೆ ಸೋಮವಾರದವರೆಗೆ ಬೆಳಗೂ ಸಂಜೆಯೂ ಆರಾಧನೆ. ಗುಡ್ಡದಾಚೆಯಿಂದ ನಡೆದುಕೊಂಡು, ಕೊಲ್ಲಿಯಾಚೆಯಿಂದ ದೋಣಿ ಏರಿ ಜನ ಬರುತ್ತಿದ್ದರು. ಬಂದವರಿಗೆ ಊರಿನ ಮನೆಗಳೇ ಛತ್ರ. ಮಾರ್ಸಲಿಯ ಮನೆಯಲ್ಲಿ ಮಂಚಗಳ ಮೇಲೆ ಹೆಂಗಸರು, ಕೊಟ್ಟಿಗೆಯ ಹುಲ್ಲಿನ ಮೇಲೆ ಗಂಡಸರು, ಒಲೆಯ ಪಕ್ಕದ ಕುರ್ಚಿಯಲ್ಲಿ ಮಾರ್ಸಲಿ. ಅವಳು ಆ ಐದು ದಿನ ಯಾವಾಗ ಮಲಗುತ್ತಿದ್ದಳೋ ಅವಳಿಗೇ ಗೊತ್ತಿರಲಿಲ್ಲ.

ಬಾಗಿಲಲ್ಲಿ ನಿಂತು ಯಾರಾದರೂ ಸಂಕೋಚದಿಂದ, "ಏನೂ ತರೋಕಾಗಲಿಲ್ಲ ಮಾರ್ಸಲಿ" ಎಂದರೆ ಅವಳಿಗೆ ಸಿಟ್ಟು ಬರುತ್ತಿತ್ತು.

"ತಂದಿದ್ದೀರಾ ಅಂತ ಕೇಳಿದ್ನಾ? ಹೊಟ್ಟೆ ತಂದಿದ್ದೀರಲ್ಲ, ಸಾಕು. ಕೂತ್ಕೊಳ್ಳಿ, ಸಾರು ಆರಿಹೋಗುತ್ತೆ."

ಕುರಿಮಾಂಸದ ಸಾರು, ಉಪ್ಪು ಹಾಕಿಟ್ಟ ಹೆರಿಂಗ್ ಮೀನು, ಸಿಪ್ಪೆಸಮೇತ ಬೇಯಿಸಿದ ಆಲೂಗಡ್ಡೆ, ಜವೆಗೋಧಿಯ ದಪ್ಪ ರೊಟ್ಟಿ. ದೇವರ ದಿನವಾದ ಭಾನುವಾರ ನೀರು ಸೇದುವಂತಿಲ್ಲ, ಗಡ್ಡೆ ಹೆಚ್ಚುವಂತಿಲ್ಲ ಎಂದು ಅಷ್ಟನ್ನೂ ಶನಿವಾರವೇ ಮಾಡಿಡಬೇಕು. ಜೌಗಿನಲ್ಲಿ ಕಡಿದು ಒಣಗಿಸಿದ, ಬೇರುನಾರು ತುಂಬಿದ ಮಣ್ಣಿನ ಹೆಂಟೆಗಳು ಒಲೆಯಲ್ಲಿ ಸೌದೆಯ ಬದಲು ಉರಿದು, ಆ ಹೊಗೆಯ ವಾಸನೆ ಬಂದವರ ಬಟ್ಟೆಯಲ್ಲಿ ಸೇರಿಕೊಂಡು ಅವರ ಊರಿನವರೆಗೂ ಹೋಗುತ್ತಿತ್ತು. ಈಗ ಎಲ್ಲರೂ ಕಾರಿನಲ್ಲಿ ಬಂದು ಕಾರಿನಲ್ಲೇ ಹೋಗುತ್ತಾರೆ. ಬಟ್ಟೆಗೆ ಯಾರ ಮನೆಯ ವಾಸನೆಯೂ ಅಂಟುವುದಿಲ್ಲ.

ಇಷ್ಟು ಜನಕ್ಕೆ ಇಕ್ಕಿದ ಮಾರ್ಸಲಿ ಕರ್ತನ ಭೋಜನಕ್ಕೆ ಮಾತ್ರ ಯಾವತ್ತೂ ಕೂತವಳಲ್ಲ. ಇದು ಅವಳೊಬ್ಬಳ ಕಥೆಯೂ ಅಲ್ಲ. ನಮ್ಮಲ್ಲಿ ಚರ್ಚಿಗೆ ಎಲ್ಲರೂ ಹೋಗುತ್ತಾರೆ, ಮೇಜಿಗೆ ಕೂರುವವರು ಬೆರಳೆಣಿಕೆಯಷ್ಟು. ದೇವರ ಕೃಪೆ ತನ್ನನ್ನು ಮುಟ್ಟಿದೆ ಎಂದು ಎದೆಯ ಮೇಲೆ ಕೈಯಿಟ್ಟು ಹೇಳಬಲ್ಲವರು ಸಭೆಯ ಹಿರಿಯರ ಮುಂದೆ ಹೋಗಿ ನಿಲ್ಲಬೇಕು, ಕೇಳಿದ್ದಕ್ಕೆ ಉತ್ತರ ಕೊಡಬೇಕು, ಅವರು ಕೊಡುವ ಸೀಸದ ಬಿಲ್ಲೆಯನ್ನು ಭಾನುವಾರ ತೋರಿಸಿ ಮೇಜಿಗೆ ಹೋಗಬೇಕು. ಉಳಿದವರು ಬೆಂಚುಗಳಲ್ಲಿ ಕೂತು ನೋಡುತ್ತಾರೆ. ಹಾಗೆ ನೋಡುತ್ತಲೇ ತಲೆ ನರೆತು ಸತ್ತುಹೋದವರು ಬೇಕಾದಷ್ಟು ಜನ. ಕೈ ಕೆಸರಾದರೆ ಬಾಯಿ ಮೊಸರು ಎನ್ನುವುದು ಹೊಲಕ್ಕೆ ಸರಿ, ದೇವರ ಮನೆಯಲ್ಲಿ ಆ ಲೆಕ್ಕ ನಡೆಯುವುದಿಲ್ಲ ಎಂದು ನಮಗೆ ತೊಟ್ಟಿಲಲ್ಲೇ ಕಲಿಸಿದ್ದರು. ರಕ್ಷಣೆ ನಂಬಿಕೆಯಿಂದ, ಮಾಡಿದ ಕೆಲಸದಿಂದಲ್ಲ. ಸರಿ. ಆದರೆ ನಂಬಿಕೆ ಇದೆಯೋ ಇಲ್ಲವೋ ಎಂದು ಎದೆ ಬಗೆದು ನೋಡುವುದು ಹೇಗೆ? ಅದನ್ನು ಯಾರೂ ಕಲಿಸಲಿಲ್ಲ.

ಮಾರ್ಸಲಿಯ ಗಂಡ ರೂರಿಗೆ ಇದೆಲ್ಲ ತಲೆನೋವೇ ಆಗಿರಲಿಲ್ಲ. ಒಳ್ಳೆಯ ಬೆಸ್ತ, ಅದಕ್ಕಿಂತ ಒಳ್ಳೆಯ ಹರಟೆಮಲ್ಲ. ವಿಧವೆಯರ ಮನೆಯ ಚಾವಣಿಗೆ ಹುಲ್ಲು ಹೊದಿಸುವುದಕ್ಕೆ, ಯಾರದೋ ಕುರಿ ಬಂಡೆಸಂದಿಗೆ ಬಿದ್ದರೆ ಹಗ್ಗ ಕಟ್ಟಿಕೊಂಡು ಇಳಿಯುವುದಕ್ಕೆ ಅವನೇ ಮುಂದು. ಚರ್ಚಿನಲ್ಲಿ ಮಾತ್ರ ಎಲ್ಲರಿಗಿಂತ ಹಿಂದೆ, ಬಾಗಿಲ ಪಕ್ಕದ ಬೆಂಚು.

"ಇಷ್ಟು ಹಿಂದೆ ಕೂತ್ರೆ ದೇವರ ಕಣ್ಣಿಗೆ ಬೀಳ್ತೀವಾ?" ಎಂದು ಮದುವೆಯಾದ ಹೊಸತರಲ್ಲಿ ಮಾರ್ಸಲಿ ಗೊಣಗಿದ್ದಳು.

"ಅವನು ಹೊರಗೆ ಹೋಗುವಾಗ ನನ್ನ ಕಾಲು ಎಡವಿಯಾದ್ರೂ ನೋಡ್ತಾನೆ ಬಿಡೆ" ಎಂದಿದ್ದ ರೂರಿ. ಅವಳು ಕೀರ್ತನೆ ಹಾಡುವ ಹೊತ್ತಿನಲ್ಲಿ ನಗು ತಡೆಯಲಾರದೆ ಶಾಲು ಬಾಯಿಗೆ ಒತ್ತಿಕೊಂಡಿದ್ದಳು.

ಅವನು ಹೋದದ್ದು ಒಂದು ಮಾರ್ಚ್ ತಿಂಗಳ ಬಿರುಗಾಳಿಯಲ್ಲಿ. ಟೊರಮೊಡ್ ಎಂಬ ನೆರೆಯವನ ದೋಣಿ ಕೊಲ್ಲಿಯ ಬಾಯಲ್ಲಿ ಬಂಡೆಗೆ ಬಡಿದು ಮಗುಚಿತು. ಊರೆಲ್ಲ ದಡದಲ್ಲಿ ನಿಂತು ನೋಡುತ್ತಿದ್ದಾಗ ರೂರಿ ಸೊಂಟಕ್ಕೆ ಹಗ್ಗ ಬಿಗಿದು ನೀರಿಗಿಳಿದ. ಟೊರಮೊಡ್‌ನನ್ನು ಬಂಡೆಯ ಮೇಲಕ್ಕೆ ತಳ್ಳಿದ್ದನ್ನು ಎಲ್ಲರೂ ಕಂಡರು. ಆಮೇಲೆ ಬಂದ ಅಲೆಗೆ ಹಗ್ಗ ತುಂಡಾಯಿತು. ಕಡಲು ಅವನನ್ನು ತಿರುಗಿ ಕೊಟ್ಟಾಗ ಆ ಹಗ್ಗದ ತುಂಡು ಇನ್ನೂ ಸೊಂಟದಲ್ಲಿತ್ತು.

ಶವದ ಸುತ್ತ ಕೂತು ಊರಿನವರು ರೂರಿಯ ಒಳ್ಳೆಯತನವನ್ನೇ ಆಡುತ್ತಿದ್ದರು. ಇಂಥವನಿಗಲ್ಲದೆ ಸ್ವರ್ಗ ಇನ್ಯಾರಿಗೆ ಎಂದು ಯಾರೋ ಅಂದರು. ಮೂಲೆಯಲ್ಲಿದ್ದ ಟೊರಮೊಡ್ ಎದ್ದು ನಿಂತ. ಆಗಲೇ ಅವನು ಮೇಜಿಗೆ ಕೂರುವವನು, ಭಕ್ತಿಯಲ್ಲಿ ಗಟ್ಟಿ ಎಂದು ಹೆಸರಾದವನು.

"ಒಳ್ಳೆ ಕೆಲಸ ಯಾರನ್ನೂ ಉಳಿಸಲ್ಲ" ಎಂದ. ಅಷ್ಟು ಹೇಳಿ ಟೋಪಿ ತೆಗೆದುಕೊಂಡು ಹೊರಟೇ ಹೋದ.

ಮಾರ್ಸಲಿಯ ಎದೆಯಲ್ಲಿ ಆ ಮಾತು ಮುಳ್ಳಿನ ಹಾಗೆ ನಾಟಿಕೊಂಡಿತು. ತನ್ನ ಗಂಡನ ಜೀವ ತಿಂದು ಉಳಿದವನು ಆ ಗಂಡನಿಗೆ ರಕ್ಷಣೆ ಇಲ್ಲ ಎಂದು ಅವನ ಹೆಣದ ಮುಂದೆಯೇ ಹೇಳಿದನಲ್ಲ! ಮುಂದೆ ಟೊರಮೊಡ್ ಸಭೆಯ ಹಿರಿಯನೂ ಆದ. ಅವನು ಮನೆಗೆ ಬಂದರೆ ಅವಳು ಇಲ್ಲವೆನ್ನಲಿಲ್ಲ, ಎಲ್ಲರಿಗೆ ಇಕ್ಕಿದಂತೆ ಅವನಿಗೂ ಇಕ್ಕಿದಳು. ತಟ್ಟೆ ಇಟ್ಟು, ಮುಖ ನೋಡದೆ ಒಳಗೆ ಹೋಗುತ್ತಿದ್ದಳು. ಚರ್ಚಿನ ಮೇಜಿನ ವಿಷಯದಲ್ಲಿ ಮಾತ್ರ ಅವಳದು ಕಡ್ಡಿ ಮುರಿದಂಥ ತೀರ್ಮಾನ. ಮುಂದೆ ಹೋಗಿ ಕೂತರೆ ರೂರಿಯನ್ನು ಬಾಗಿಲ ಬಳಿಯ ಬೆಂಚಿನಲ್ಲಿ ಒಬ್ಬನೇ ಬಿಟ್ಟಂತೆ. ಟೊರಮೊಡ್ ಹೇಳಿದ್ದಕ್ಕೆ ತಾನೂ ತಲೆಯಾಡಿಸಿದಂತೆ. ಅವಳಿಗೆ ಆ ರೊಟ್ಟಿಯ ಹಸಿವು ಇತ್ತು, ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಿಳಿ ಬಟ್ಟೆ ಹಾಸಿದ ಆ ಉದ್ದನೆಯ ಮೇಜಿನತ್ತ ಜನ ಮೆಲ್ಲಗೆ ನಡೆದುಹೋಗುವಾಗ ಅವಳ ಕಾಲು ತಾನಾಗಿ ಎದ್ದು ನಿಲ್ಲಲು ನೋಡುತ್ತಿತ್ತು. ಅವಳು ರೂರಿಯ ಖಾಲಿ ಜಾಗದ ಮೇಲೆ ಅಂಗೈ ಊರಿ ಕೂತಿರುತ್ತಿದ್ದಳು.

ವರ್ಷಗಳು ಹೀಗೇ ಕಳೆದವು. ಮಾರ್ಸಲಿಗೆ ಅರವತ್ತರ ಹತ್ತಿರವಾಯಿತು. ಆ ಸಲದ ಭೋಜನದ ವಾರಕ್ಕೆ ಇನ್ನೊಂದು ದಿನ ಇದೆ ಎನ್ನುವಾಗ, ಹೆಂಟೆಯ ಬುಟ್ಟಿ ಬೆನ್ನಿಗೆ ಹಾಕಿಕೊಂಡು ಬರುತ್ತಿದ್ದವಳು ಅಂಗಳದ ಒದ್ದೆ ಕಲ್ಲಿನ ಮೇಲೆ ಜಾರಿದಳು. ಬಲಗೈಯ ಮಣಿಕಟ್ಟು ಮುರಿಯಿತು. ಡಾಕ್ಟರು ಬಂದು ಮೊಣಕೈವರೆಗೂ ಬಿಳಿ ಪ್ಲಾಸ್ಟರ್ ಹಾಕಿ, ಕೊರಳಿಗೆ ಜೋಲಿ ಕಟ್ಟಿ ಹೋದರು.

ಮಾರನೆಯ ದಿನ ಜನ ಬಂದೇ ಬಂದರು. ಅವಳು ಬಾಗಿಲಲ್ಲಿ ನಿಂತು, "ಈ ಸಲ ಬೇರೆ ಮನೆ ನೋಡ್ಕೊಳ್ಳಿ, ನನ್ನ ಕೈಲಿ ಏನೂ ಆಗಲ್ಲ" ಎಂದಳು. ಗುಡ್ಡದಾಚೆಯ ಕಿರ್ಸ್ತಿ ಎಂಬ ಮುದುಕಿ ಎಲ್ಲರಿಗಿಂತ ಮುಂದಿದ್ದಳು. ಮಾರ್ಸಲಿ ಹೊಸ ಮದುವಣಗಿತ್ತಿಯಾಗಿದ್ದ ಕಾಲದಿಂದ ಆ ಮನೆಗೇ ಬಂದು ಇಳಿದುಕೊಳ್ಳುವವಳು, ಚರ್ಚಿನ ಮೇಜಿಗೂ ಕೂರುವವಳು. ಅವಳು ಮಾರ್ಸಲಿಯನ್ನು ಪಕ್ಕಕ್ಕೆ ಸರಿಸಿ ಒಳಗೆ ನಡೆದಳು.

"ಕೈ ಮುರಿದ್ರೆ ಮನೆ ಮುರಿಯುತ್ತಾ? ಮಡಕೆ ಎಲ್ಲಿದೆ ಹೇಳು" ಎಂದಳು.

ಕಿರ್ಸ್ತಿ ಸಾರು ಮಾಡಿದಳು. ಉಪ್ಪು ಹೆಚ್ಚಾಗಿತ್ತು. ಯಾರೋ ಹೆಂಟೆ ತಂದರು, ಯಾರೋ ನೀರು ತಂದರು. ಮಾರ್ಸಲಿಯನ್ನು ಎಳೆದು ತಂದು ಅವಳದೇ ಮೇಜಿನ ನಡುವೆ ಕೂರಿಸಿದರು. ತನ್ನ ಮನೆಯ ಆ ಕುರ್ಚಿ ಅಷ್ಟು ಗಟ್ಟಿ ಎಂದು ಅವಳಿಗೆ ಅಂದೇ ಗೊತ್ತಾದದ್ದು. ಎಡಗೈಯಲ್ಲಿ ಚಮಚ ಹಿಡಿದು ಸಾರೆಲ್ಲ ಮಡಿಲಿಗೆ ಚೆಲ್ಲಿಕೊಂಡಳು. ಕಿರ್ಸ್ತಿ ಚಮಚ ಕಿತ್ತುಕೊಂಡು ತುತ್ತು ಅವಳ ಬಾಯ ಮುಂದೆ ಹಿಡಿದಳು.

"ಬಾಯಿ ತೆರಿ."

"ಬೇಡ ಅಕ್ಕ. ಏನೂ ಮಾಡದೆ ಕೂತು ತಿನ್ನೋಕೆ ನನಗೆ ಬರಲ್ಲ."

"ಬರಲ್ವಾ? ನಾನು ಇಷ್ಟು ವರ್ಷ ನಿನ್ನ ಮನೇಲಿ ಇನ್ನೇನು ಮಾಡಿದೀನಿ? ಒಂದು ದಿನಾನಾದ್ರೂ ಏನು ತಂದೆ ಅಂತ ಕೇಳಿದ್ಯಾ ನನ್ನ?"

ಮಾರ್ಸಲಿ ಎಡಗೈಯಲ್ಲಿ ಮಡಿಲಿನ ಸಾರು ಒರೆಸತೊಡಗಿದಳು. ಕಿರ್ಸ್ತಿ ಬಿಡಲಿಲ್ಲ.

"ನಮಗೆಲ್ಲ ಬುದ್ಧಿ ಹೇಳ್ತೀಯ, ಹೊಟ್ಟೆ ತಂದಿದ್ದೀರಲ್ಲ ಸಾಕು ಅಂತ. ನಿನಗೆ ಮಾತ್ರ ಅದು ಸಾಲದಾ? ದೊಡ್ಡ ಜಂಬಗಾತಿ ಕಣೇ ನೀನು."

ಮಾರ್ಸಲಿ ಬಾಯಿ ತೆರೆದಳು. ಆ ಉಪ್ಪು ಸಾರು ನುಂಗುತ್ತ ಅವಳಿಗೆ ಅಳು ಒತ್ತರಿಸಿ ಬಂತು. ರೂರಿ ಸತ್ತಾಗ ಎಲ್ಲರಿಗೆ ಬಡಿಸುವ ಗಡಿಬಿಡಿಯಲ್ಲಿ ಉಳಿದುಹೋದ ಅಳು ಅದು. ಕಿರ್ಸ್ತಿ ಏನೂ ಕೇಳದೆ ಒಂದು ಕೈಯಲ್ಲಿ ಕಣ್ಣೊರೆಸುತ್ತ ಇನ್ನೊಂದರಲ್ಲಿ ತಿನ್ನಿಸಿದಳು.

ಶನಿವಾರ ಆರಾಧನೆ ಮುಗಿದ ಮೇಲೆ ಮಾರ್ಸಲಿ ಚರ್ಚಿನ ಪಕ್ಕದ ಕೋಣೆಯ ಬಾಗಿಲು ತಟ್ಟಿದಳು. ಒಳಗೆ ಪಾದ್ರಿಗಳೂ ಸಭೆಯ ಹಿರಿಯರೂ ಕೂತಿದ್ದರು. ಕೊನೆಯಲ್ಲಿ ಟೊರಮೊಡ್. ಅವನಿಗೂ ವಯಸ್ಸಾಗಿತ್ತು, ಊರುಗೋಲು ಮಂಡಿಗೆ ಒರಗಿಸಿಕೊಂಡಿದ್ದ.

"ಯಾವುದನ್ನು ನೆಚ್ಚಿಕೊಂಡು ಬಂದಿದ್ದೀರಮ್ಮ?" ಎಂದು ಪಾದ್ರಿಗಳು ಮೃದುವಾಗಿ ಕೇಳಿದರು.

"ನೆಚ್ಚಿಕೊಳ್ಳೋಕೆ ಏನಿದೆ ಅಯ್ಯನವರೇ? ಏನೂ ತಂದಿಲ್ಲ. ಇದ್ದ ಕೈಯೂ ಮುರಿದಿದೆ. ಹಸಿವಾಗಿದೆ, ಅದಕ್ಕೆ ಬಂದೆ."

ಪಾದ್ರಿಗಳು ಇನ್ನೇನೂ ಕೇಳಲಿಲ್ಲ. ಹಿರಿಯರ ಕಡೆ ನೋಡಿ ತಲೆಯಾಡಿಸಿದರು. ಮಾರ್ಸಲಿ ಹೊರಡಲಿಲ್ಲ. ಅಷ್ಟು ವರ್ಷಗಳಲ್ಲಿ ಮೊದಲ ಸಲ ಟೊರಮೊಡ್‌ನ ಮುಖವನ್ನು ನೇರವಾಗಿ ನೋಡಿದಳು.

"ನಿಮ್ಮನ್ನ ಒಂದು ಮಾತು ಕೇಳಬೇಕು. ರೂರಿಯ ಹೆಣದ ಮುಂದೆ ಹೇಳಿದ್ರಲ್ಲ, ಅದನ್ನ ಈಗಲೂ ಹೇಳ್ತೀರಾ? ಹೇಳೋದಾದ್ರೆ ನಿಮ್ಮ ಬಿಲ್ಲೆ ನನಗೆ ಬೇಡ."

ಟೊರಮೊಡ್ ಕೋಲು ಊರಿ ಎದ್ದ. "ಹೇಳ್ತೀನಿ" ಎಂದ.

ಮಾರ್ಸಲಿ ಬಾಗಿಲಿನತ್ತ ತಿರುಗಿದಳು.

"ನಿಲ್ಲು ಮಾರ್ಸಲಿ. ಪೂರ್ತಿ ಕೇಳು. ಅದನ್ನ ನಾನು ರೂರಿಗೆ ಹೇಳಿದ್ದಲ್ಲ, ನನಗೇ ಹೇಳ್ಕೊಂಡಿದ್ದು. ಚಿಕ್ಕಂದಿನಿಂದ ಒಂದು ಭಾನುವಾರ ತಪ್ಪಿಸ್ದೋನಲ್ಲ, ಒಂದು ಹನಿ ಕುಡಿದೋನಲ್ಲ, ಊರಲ್ಲಿ ನನ್ನಷ್ಟು ಸರಿಯಾದೋನು ಇಲ್ಲ ಅಂದ್ಕೊಂಡಿದ್ದೆ. ನೀರಿಗೆ ಬಿದ್ದಾಗ ಅದರಲ್ಲಿ ಒಂದೂ ಉಪಯೋಗಕ್ಕೆ ಬರಲಿಲ್ಲ. ಯಾವುದೋ ಕೈ ಬಂದು ಕುತ್ತಿಗೆಪಟ್ಟಿ ಹಿಡೀತು. ನಾನು ಮಾಡಿದ್ದು ಅಂದ್ರೆ ಆ ಕೈನ ಬಿಡದೆ ಹಿಡ್ಕೊಂಡಿದ್ದು, ಅಷ್ಟೇ. ಅದನ್ನ ಹೇಳೋಣ ಅಂತ ಅವತ್ತು ಎದ್ದೆ. ಒಂದು ಮಾತು ಹೊರಗೆ ಬಂತು, ಉಳಿದಿದ್ದು ಬರಲಿಲ್ಲ. ಅಳೋದನ್ನ ಯಾರೂ ನೋಡ್ಬಾರ್ದು ಅಂತ ಹೊರಗೆ ಓಡಿದೆ."

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ ಮತ್ತೆ?"

"ಹೇಳೋಕೆ ಅಂತಲೇ ಬರ್ತಿದ್ದೆ. ನೀನು ಮುಂದೆ ತಟ್ಟೆ ಇಟ್ಟು ಒಳಗೆ ಹೋಗ್ಬಿಡ್ತಿದ್ದೆ. ಬಾಯಿ ತುಂಬ ನಿನ್ನ ಮೀನು ಇಟ್ಕೊಂಡು ಗೋಡೆಗೆ ಹೇಳ್ಲಾ?"

ಹಿರಿಯರಲ್ಲಿ ಒಬ್ಬರು ನಕ್ಕು, ಕೂಡಲೇ ಕೆಮ್ಮಿದಂತೆ ಮಾಡಿದರು. ಮಾರ್ಸಲಿ ನಗಲಿಲ್ಲ.

"ಅವನು ಎಲ್ಲಿದ್ದಾನೆ ಟೊರಮೊಡ್?"

"ಅದನ್ನ ಹೇಳೋಕೆ ನಾನ್ಯಾರು? ನನಗೆ ಗೊತ್ತಿರೋದು ಒಂದೇ. ನನ್ನಂಥೋನನ್ನ, ಯಾರು ಏನು ಅಂತ ಕೇಳದೆ, ಅವನ ಕೈ ಎಳ್ಕೊಳ್ತು. ಅವನನ್ನ ಎಳ್ಕೊಳ್ಳೋ ದೇವರ ಕೈ ಅದಕ್ಕಿಂತ ಮೋಟಾಗಿರುತ್ತೆ ಅಂತ ನಾನು ನಂಬಲ್ಲ."

ಅವನು ಮೇಜಿನ ಮೇಲಿನ ಬಿಲ್ಲೆ ತೆಗೆದು ಅವಳ ಎಡಗೈಯಲ್ಲಿಟ್ಟು ಬೆರಳುಗಳನ್ನು ತಾನೇ ಮಡಿಸಿದ.

ಭಾನುವಾರ ಹಾಡಿಸುವ ಮುಂದಾಳು ಕೀರ್ತನೆಯ ಸಾಲು ಎತ್ತಿಕೊಟ್ಟ. ಸಭೆ ಅದನ್ನು ನಿಧಾನವಾಗಿ, ದಡಕ್ಕೆ ಬರುವ ನೀರಿನ ಹಾಗೆ ಎಳೆದು ಹಾಡಿತು. ಆ ಹಾಡಿನ ನಡುವೆ ಮಾರ್ಸಲಿ ಬಾಗಿಲ ಪಕ್ಕದ ಬೆಂಚಿನಿಂದ ಎದ್ದಳು. ಅಷ್ಟು ದೂರ ನಡೆದು ಮೇಜಿಗೆ ಬಂದು ಕಿರ್ಸ್ತಿಯ ಪಕ್ಕ ಕೂತು ತಲೆಯೆತ್ತಿದರೆ, ಎದುರಿಗೆ ನೇರವಾಗಿ ಕಾಣುತ್ತಿದ್ದದ್ದು ಅದೇ ಬೆಂಚು. ಮೇಜಿಗೆ ಕೂತವರಿಗೆ ರೂರಿಯ ಜಾಗ ಇಷ್ಟು ಚೆನ್ನಾಗಿ ಕಾಣುತ್ತದೆ ಎಂದು ಅವಳಿಗೆ ಗೊತ್ತೇ ಇರಲಿಲ್ಲ.

ರೊಟ್ಟಿಯ ತಟ್ಟೆ ಕೈಯಿಂದ ಕೈಗೆ ಬರತೊಡಗಿತು. ಒಬ್ಬೊಬ್ಬರು ಚೂರು ಮುರಿದುಕೊಂಡು ಪಕ್ಕದವರಿಗೆ ದಾಟಿಸುತ್ತಿದ್ದರು. ತಟ್ಟೆ ಮಾರ್ಸಲಿಯ ಎಡಗೈಗೆ ಬಂತು. ಆಯುಷ್ಯವೆಲ್ಲ ತಟ್ಟೆ ದಾಟಿಸಿದ ಕೈ, ಅದಕ್ಕೆ ತಿಳಿದದ್ದು ಒಂದೇ. ತಾನು ಮುಟ್ಟದೆ, ತಟ್ಟೆಯನ್ನು ಹಾಗೇ ಕಿರ್ಸ್ತಿಯ ಮುಂದಿಟ್ಟಳು.

ಆ ಮೇಜಿನಲ್ಲಿ ಮಾತಾಡುವುದು ನಮ್ಮಲ್ಲಿ ದೊಡ್ಡ ಅಪರಾಧ. ಕಿರ್ಸ್ತಿ ಕ್ಯಾರೇ ಅನ್ನಲಿಲ್ಲ. ತಟ್ಟೆಯನ್ನು ವಾಪಸು ಮಾರ್ಸಲಿಯ ಮುಂದಕ್ಕೆ ಸರಿಸಿ, ಅಕ್ಕಪಕ್ಕದವರಿಗೆಲ್ಲ ಕೇಳುವಂತೆ ಪಿಸುಗುಟ್ಟಿದಳು.

"ಮೊದಲು ನೀನು ತಿನ್ನು ಕಣೇ."

ಮಾರ್ಸಲಿ ಒಂದು ಚೂರು ಮುರಿದು ತಿಂದಳು.